ಎರಡನೇ ಸಾಲಿನ ಹಸಿರು

ದರ್ಜಿ ಅಕ್ಕನ ಅಂಗಡಿಯಲ್ಲಿ ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ ಹನ್ನೆರಡು ವರ್ಷ ಕಳೆದೆ. ಅಷ್ಟೂ ವರ್ಷ ಬೈಸಿಕೊಂಡದ್ದು ಒಂದೇ ವಿಷಯಕ್ಕೆ. ಗೋಡೆಯ ಹಲಗೆಗೆ ಮೊಳೆ ಹೊಡೆದು ದಾರದ ರೀಲು ಸಿಕ್ಕಿಸಿದ್ದಳು: ಮೇಲಿನ ಸಾಲು ಕೆಂಪು, ಎರಡನೆಯದು ಹಸಿರು. ಒಂದು ರೀಲು ಜಾಗ ತಪ್ಪಿದರೂ ಗಿರಾಕಿಗಳ ಎದುರೇ ನನ್ನ ಜನ್ಮ ಜಾಲಾಡುತ್ತಿದ್ದಳು. ತಲೆಕೆಟ್ಟ ಹೆಂಗಸು ಎಂದುಕೊಂಡಿದ್ದೆ. ತಲೆ ನೆಟ್ಟಗೇ ಇತ್ತು. ಅವಳ ಮಗನಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ದಾರ ತಾ ಎಂದಾಗ ಅವನು ಸಾಲು ನೋಡಿ ತರಲಿ, ತನಗೆ ಬಣ್ಣ ಕಾಣದೆಂಬುದು ಅವನಿಗೇ ತಿಳಿಯದಿರಲಿ ಎಂದು ಹೂಡಿದ ಉಪಾಯ ಆ ಹಲಗೆ.

ಅವಳ ಅಪ್ಪನೂ ದರ್ಜಿ. ಒಮ್ಮೆ ಶಾಲೆಯ ನಲವತ್ತು ಹಸಿರು ಲಂಗಕ್ಕೆ ಕೆಂಪು ದಾರ ಹಾಕಿಬಿಟ್ಟನಂತೆ. ಸಾಯುವವರೆಗೂ ಜನ ಅವನನ್ನು ಕುರುಡು ದರ್ಜಿ ಎಂದೇ ಕರೆದರು. ಆ ಹೆಸರು ಮೊಮ್ಮಗನಿಗೆ ಅಂಟಬಾರದೆಂದು ಇವಳ ಹಟ.

ಹುಡುಗನಿಗೋ ಮಿಲಿಟ್ರಿ ಹುಚ್ಚು. ನಾಲ್ಕು ವರ್ಷ ದಿನಾ ಬೆಳಿಗ್ಗೆ ಓಡಿದ. ವಯಸ್ಸಿನ ಲೆಕ್ಕದಲ್ಲಿ ಈ ಸಲದ ಭರ್ತಿ ಪರೀಕ್ಷೆಯೇ ಕೊನೆಯದು. ಅಕ್ಕ ಸಾಮಾನ್ಯ ವಿಜ್ಞಾನದ ಗೈಡನ್ನು ಮಿಷನ್‌ಗೆ ಒರಗಿಸಿಕೊಂಡು ತುಳಿಯುತ್ತಲೇ ಪ್ರಶ್ನೆ ಕೇಳುವಳು.

"ರಕ್ತ ಯಾಕೆ ಕೆಂಪು?"

"ಹಿಮೋಗ್ಲೋಬಿನ್."

"ಎಲೆ ಯಾಕೆ ಹಸಿರು?"

"ಪತ್ರಹರಿತ್ತು."

ಅರಳು ಹುರಿದ ಹಾಗೆ ಉತ್ತರ.

ಒಂದು ಮಧ್ಯಾಹ್ನ ಅಕ್ಕ ಯಾರದೋ ಅಳತೆ ತೆಗೆಯುತ್ತಿದ್ದಳು. ಗೈಡ್ ನಾನು ಹಿಡಿದೆ. ನಡುವೆ ಎರಡು ಹಾಳೆ ಸೇರಿಸಿ ಅಂಚಿಗೆ ಹೊಲಿಗೆ ಬಿದ್ದಿತ್ತು.

"ಹರಿದಿತ್ತಂತೆ, ಅಮ್ಮ ಹೊಲಿದ್ಲು" ಎಂದ ಹುಡುಗ.

ನನ್ನ ಕೈ ಸುಮ್ಮನಿರಬೇಕಲ್ಲ. ಕತ್ತರಿಯಿಂದ ಬಿಚ್ಚಿ ಓದಿದೆ. "ಬಣ್ಣಗುರುಡು ಗಂಡುಮಗುವಿಗೆ ಯಾರಿಂದ ಬರುತ್ತೆ?"

"ಇದು ಓದೇ ಇಲ್ಲ ಚಿಕ್ಕಮ್ಮ."

"ತಾಯಿಯಿಂದ ಅಂತ ಬರ್ದಿದೆ."

ಅಕ್ಕನ ಕೈಯಿಂದ ಟೇಪು ಜಾರಿತು. ಹುಡುಗ ಮಾತ್ರ ನಕ್ಕು, "ಬಂದ್ರೆ ಒಂದು ಮಾರ್ಕು" ಎಂದು ಬಾಯಿಪಾಠ ಮಾಡಿಕೊಂಡ.

ಅವನು ಹೊರಟ ಮೇಲೆ ಅಕ್ಕ ಎಲ್ಲ ಹೇಳಿದಳು.

"ಅವನಿಗೂ ಹೇಳ್ಬಿಡು ಅಕ್ಕ. ಕಣ್ಣೂ ನೋಡ್ತಾರೆ ಅಲ್ಲಿ."

"ಲಿಖಿತದಲ್ಲೇ ಫೇಲಾದ್ರೆ ಹೇಳೋದೇ ಬೇಡ ಕಣೆ. ನೀನು ಬಾಯಿ ಬಿಟ್ರೆ ನನ್ನಾಣೆ."

ಹೆತ್ತ ತಾಯಿ ಮಗ ಫೇಲಾಗಲಿ ಎಂದು ಕಾಯುವುದೇ? ಮೈ ಉರಿಯಿತು. ಆದರೂ ಬಾಯಿಗೆ ಬೀಗ ಹಾಕಿಕೊಂಡೆ. ಆ ಪಾಪದಲ್ಲಿ ನನಗೂ ಪಾಲಿದೆ.

ಅವನು ಪಾಸಾದ. ಆ ಪ್ರಶ್ನೆಯೂ ಬಂದಿತ್ತಂತೆ, ಸರಿಯಾಗಿಯೇ ಬರೆದನಂತೆ.

ವೈದ್ಯಕೀಯ ತಪಾಸಣೆಯಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ಕೊಟ್ಟು ಅಂಕಿ ಓದು ಎಂದರಂತೆ. ಇವನಿಗೆ ಕಂಡದ್ದು ಬರೀ ಚುಕ್ಕಿ. ಮಧ್ಯಾಹ್ನದೊಳಗೆ ವಾಪಸ್ಸು ಬಂದ. ಸೀದಾ ಹಲಗೆಯ ಬಳಿ ಹೋಗಿ ಒಂದೊಂದೇ ರೀಲು ಕಿತ್ತು ನೆಲಕ್ಕೆ ಗುಡ್ಡೆ ಹಾಕಿದ.

"ನಿಂಗೆ ಗೊತ್ತಿತ್ತಾ?"

ಅಕ್ಕ ತಲೆ ಎತ್ತಲಿಲ್ಲ. "ನಿಂಗೆ ಆರು ವರ್ಷ ಇದ್ದಾಗಿಂದ."

"ನಾಲ್ಕು ವರ್ಷ ಓಡಿದೆನಲ್ಲಮ್ಮ."

ಅಕ್ಕ ನೆಲಕ್ಕೆ ಕೂತು ರೀಲುಗಳನ್ನು ಬಣ್ಣ ನೋಡಿ ಬೇರೆ ಮಾಡಹೊರಟಳು, ಅವನು ಮತ್ತೆ ಬೆರೆಸಿದ.

ಈಗ ಅವನು ಅಂಗಡಿಯಲ್ಲೇ ಹೊಲಿಯುತ್ತಾನೆ. ರೀಲುಗಳೆಲ್ಲ ಒಂದು ಡಬ್ಬದಲ್ಲಿ ಬೆರೆತು ಬಿದ್ದಿವೆ, ಜೋಡಿಸಲು ಬಿಡುವುದಿಲ್ಲ. ದಾರ ಬೇಕಾದಾಗ ಎರಡು ರೀಲು ಹಿಡಿದು, ಅಮ್ಮನ ಮಿಷನ್ ದಾಟಿಕೊಂಡು ನನ್ನ ಹತ್ತಿರ ಬರುತ್ತಾನೆ.

"ಚಿಕ್ಕಮ್ಮ, ಇದರಲ್ಲಿ ಹಸಿರು ಯಾವುದು?"

ನಾನು ತೋರಿಸುವವರೆಗೆ ಅಕ್ಕನ ಮಿಷನ್ ನಿಂತಿರುತ್ತದೆ.