ನೋಡಲು ಬಂದವರ ಬಿಸ್ಕಿಟು

ಸಂಶಿಯ ಕಸ್ತೂರೆವ್ವ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಹಾಲು ತಂದವನೆದುರೇ ಹಾಲಿಗೆ ಬೆರಳದ್ದಿ ನೋಡುವವಳು. ಗಂಡ ಕುಬೇರಪ್ಪನ ಹೃದಯಕ್ಕೆ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿಸಿ ಕರೆತಂದ ದಿನವೇ ಬೆಣ್ಣೆಯ ಗಡಿಗೆಯನ್ನು ನೆಲುವಿನಿಂದ ಇಳಿಸಿ ಒಳಕೋಣೆಯಲ್ಲಿಟ್ಟು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಾತ್ರೆಗಳನ್ನು ತಪ್ಪದೆ ನುಂಗಿಸಿದಳು. ಹುಟ್ಟಿದಾಗಿನಿಂದ ಬೆಣ್ಣೆ ಹಚ್ಚಿದ ರೊಟ್ಟಿ ಉಂಡಿದ್ದ ಕುಬೇರಪ್ಪ ಒಣರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ.

ಮೂರು ತಿಂಗಳಿಗೆ ರಕ್ತ ತಪಾಸಣೆಯಾಯಿತು. ಕೊಬ್ಬಿನ ಅಂಶ ಇಳಿಯುವ ಬದಲು ಏರಿತ್ತು. ಸಕ್ಕರೆಯೂ ಏರಿತ್ತು.

"ಹಿಂಗಾದ್ರ ಮತ್ತೊಂದು ರಕ್ತನಾಳ ಬಂದ್ ಆಗಬಹುದ್ರಿ," ಎಂದರು ಡಾಕ್ಟರು.

ಎರಡು ಎಮ್ಮೆ ಕಟ್ಟಿದ್ದ ಬಾಜು ಮನೆಯ ಫಕೀರವ್ವನ ಮೇಲೆ ಕಸ್ತೂರೆವ್ವನ ಕಣ್ಣು ಬಿತ್ತು.

"ಖರೇ ಹೇಳು, ನಮ್ಮವ್ರಿಗೆ ಕದ್ದು ಬೆಣ್ಣಿ ಕೊಡಾಕತ್ತೀಯೇನು?"

"ನಿನ್ನ ಗಂಡಗ ನಾ ಯಾಕ ಬೆಣ್ಣಿ ಹಚ್ಚಲಿ ಬೇ? ನನ್ನ ಗಂಡಗ ಹಚ್ಚಾಕ ನನಗ ಪುರಸೊತ್ತಿಲ್ಲ!"

ಕಸ್ತೂರೆವ್ವ ನಗಲಿಲ್ಲ. ಮನೆಗೆ ಬಂದು ಗಂಡನ ಕೈ ಹಿಡಿದು ಮೂಸಿದಳು.

"ನೀ ಪೊಲೀಸ್ ಖಾತೆದಾಗ ಇರಬೇಕಿತ್ತು," ಎಂದ ಕುಬೇರಪ್ಪ.

ಕೈಯಲ್ಲಿ ಬೆಣ್ಣೆಯ ವಾಸನೆಯಿರಲಿಲ್ಲ. ಮೀಸೆಯಲ್ಲಿ ಬಿಸ್ಕಿಟಿನ ಪುಡಿಯಿತ್ತು.

"ಇದೆಲ್ಲಿಂದ ಬಂತ್ರಿ?"

"ನೀನ ಇಟ್ಟಿದ್ದಲ್ಲ!"

ಹೌದು. ಬೇನೆಬಿದ್ದವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಬಂದವರೆಲ್ಲ ಬ್ರೆಡ್ಡು, ಬಿಸ್ಕಿಟು ಹಿಡಿದೇ ಬಂದಿದ್ದರು. ರೋಗಿಗೆ ಹಗುರಾದದ್ದೆಂದು ಅವಳೇ ಅವನ್ನು ಡಬ್ಬಿಗೆ ಸುರುವಿ ಹಾಸಿಗೆಯ ಬಳಿ ಇಟ್ಟಿದ್ದಳು. ತೀರಿದಂತೆಲ್ಲ ಮತ್ತೆ ತುಂಬಿದ್ದಳು. ರೊಟ್ಟಿ ಬಿಟ್ಟವನು ದಿನಕ್ಕೆ ನಾಲ್ಕು ಸಲ ಸಕ್ಕರೆ ಚಹಾದಲ್ಲಿ ಅದ್ದಿ ಅದ್ದಿ ತಿಂದಿದ್ದ.

ಡಾಕ್ಟರಿಗೆ ಫೋನು ಹಚ್ಚಿದಳು.

"ಮೈದಾ, ಸಕ್ಕರಿ ತಿಂದ್ರೂ ರಕ್ತದಾಗ ಕೊಬ್ಬು ಏರತೈತ್ರಿ," ಎಂದರು ಅವರು.

"ಮೊದಲ ಯಾಕ ಹೇಳಲಿಲ್ಲರಿ?"

"ನೀವು ಬೆಣ್ಣಿ, ತುಪ್ಪ ಅಷ್ಟ ಕೇಳಿದ್ರಿ."

ಅಂದಿನಿಂದ ಡಾಕ್ಟರ ಮೇಲೂ ಅವಳಿಗೆ ಒಂದು ಕಣ್ಣು.

"ಹಂಗಾರ ಬೆಣ್ಣಿ ತಗಿ," ಎಂದ ಕುಬೇರಪ್ಪ ಆಸೆಯಿಂದ.

"ಬಿಸ್ಕಿಟು ಕಳ್ಳ ಅಂತ ಗೊತ್ತಾದ್ರ ಬೆಣ್ಣಿ ಸಾಚಾ ಆಗೂದಿಲ್ಲರಿ. ಮುಂದಿನ ತಪಾಸಣಿ ಆಗಲಿ."

ಕೀಲಿಕೈ ಸೊಂಟದಲ್ಲೇ ಉಳಿಯಿತು. ಡಬ್ಬಿ ಫಕೀರವ್ವನ ಎಮ್ಮೆಗಳ ಪಾಲಾಯಿತು.

ಆ ವಾರವೇ ಕುಬೇರಪ್ಪನ ತಂಗಿ ಮಹಾನಂದಾ ಕುಬಿಹಾಳದಿಂದ ಚೀಲ ಹಿಡಿದು ಬಂದಳು. ಕಸ್ತೂರೆವ್ವ ಹೊಸ್ತಿಲಲ್ಲೇ ಇಣುಕಿ ನೋಡಿದಳು, ಬಿಸ್ಕಿಟು ಕಂಡದ್ದೇ ಚೀಲವನ್ನು ತಿರುಗಿ ಅವಳ ಕೈಗಿಟ್ಟಳು.

"ಅಣ್ಣಗಂತ ತಂದದ್ದು ವಾಪಸ್ ಕೊಡ್ತಾರೇನ ವೈನಿ?"

"ಅಣ್ಣ ಬೇಕಂದ್ರ ಇದನ್ನ ಒಯ್ಯಿ. ಸಿಟ್ಟಾಗ್ತಿದ್ರ ಆಗು. ಮುಂದಿನ ಸಲ ಮೆಂತೆ ಸೊಪ್ಪು ತಾ."

ಮಹಾನಂದಾ ಮುಖ ಊದಿಸಿಕೊಂಡೇ ಸಂಜೆಯ ಬಸ್ಸು ಹಿಡಿದಳು. ಅವಳು ಹೋದ ಮೇಲೆ ಕಸ್ತೂರೆವ್ವ ಗಂಡನ ತಲೆದಿಂಬು ಎತ್ತಿ ನೋಡಿದಳು. ಏನೂ ಇರಲಿಲ್ಲ. ಆದರೂ ಹಾಸಿಗೆಯನ್ನೊಮ್ಮೆ ಕೊಡವಿದಳು.