ಸೀಸೆಯೊಳಗಿನ ಹಕ್ಕಿಗಳು

ಬೀದಿಯವರೆಲ್ಲ ಅವನನ್ನು ಸೀಸೆ ಮಾಮ ಎಂದು ಕರೆದದ್ದರಿಂದ ಅವನ ಹೆಂಡತಿ ಯಾರನ್ನೂ ಕೇಳದೆ ಸೀಸೆ ಅತ್ತೆಯಾದಳು. ಮಾಮ ಮರಳು ಬಿಟ್ಟು ಬೇರೆ ಕಸುಬಿಗೆ ಕೈ ಹಾಕಿದವನಲ್ಲ. ಮೊದಲು ಕಡಲ ದಂಡೆಯಲ್ಲಿ ಆಳೆತ್ತರದ ಮೂರ್ತಿ ಮಾಡಿದ. ಅಲೆ ಬಂದು ನುಂಗಿತು. ಆಮೇಲೆ ಕೆಳಗೆ ದೀಪವಿಟ್ಟ ಗಾಜಿನ ಮೇಲೆ ಬೆರಳಿಂದ ಮರಳೆಳೆದು ಚಿತ್ರ ಬಿಡಿಸಿದ. ಒಂದನ್ನು ಅಳಿಸದೆ ಇನ್ನೊಂದು ಬರೆಯುವಂತಿಲ್ಲ. ಕೊನೆಗೆ ಬಣ್ಣದ ಮರಳನ್ನು ಸೀಸೆಗೆ ತುಂಬಿ ಹಕ್ಕಿ, ದೋಣಿ ಮೂಡಿಸುವುದಕ್ಕೆ ಅಂಟಿಕೊಂಡ. "ಇದಾದ್ರೂ ನನ್ನ ಹಿಂದೆ ಉಳಿಯುತ್ತೆ ಕಣೇ," ಎನ್ನುತ್ತಿದ್ದ.

ಪಾರ್ಶ್ವವಾಯು ಬಡಿದು ಬಲಗೈ ಸೋತಿತು, ಹಠ ಸೋಲಲಿಲ್ಲ. ಸಣ್ಣ ಕೊಳವೆಯಲ್ಲಿ ಮರಳು ಇಳಿಸಿ ಗಾಜಿನ ಒಳಮೈಗೆ ಚಿತ್ರ ಕೂರಿಸುವುದು ಹೇಗೋ ಆಗುತ್ತಿತ್ತು. ಆದರೆ ನಡುವಿನ ಮರಳನ್ನು ಕಂಬಿಯಿಂದ ಗಟ್ಟಿಯಾಗಿ ಒತ್ತಬೇಕು. ಎಳ್ಳಷ್ಟು ಸಡಿಲವಾದರೂ ಚಿತ್ರ ಜಾರುತ್ತದೆ. ಆ ಬಲ ಅವನಲ್ಲಿರಲಿಲ್ಲ. ಮಧ್ಯಾಹ್ನ ಅವನು ಮಲಗಿದಾಗ ಅತ್ತೆ ಕಳ್ಳಿಯ ಹಾಗೆ ಬಂದು ಒತ್ತಿ, ಕತ್ತಿನವರೆಗೂ ತುಂಬಿ, ಬಾಯಿಗೆ ಅಂಟು ಹಾಕುತ್ತಿದ್ದಳು. ಅಂಟಿನ ಕೆಲಸ ಮೊದಲಿಂದಲೂ ಅವಳದೇ ಆದ್ದರಿಂದ ಅವನಿಗೆ ಅನುಮಾನ ಬರಲಿಲ್ಲ. ಗಂಡನಿಗೆ ಮೋಸ ಮಾಡುತ್ತಿದ್ದೇನೆಂಬ ಅಳುಕು ಅವಳಿಗಿತ್ತು. ಗೊತ್ತಾದರೆ ಅವನು ಕುಸಿದುಹೋಗುತ್ತಾನೆಂಬ ಭಯ ಅದಕ್ಕಿಂತ ದೊಡ್ಡದು.

ಅಕ್ಕನಿಗೆ ಹುಷಾರಿಲ್ಲವೆಂದು ಅತ್ತೆ ಪರವೂರಿಗೆ ಹೋಗಿದ್ದಾಗ ಮಾಮ ತಾನೇ ಅಂಟು ಹಾಕಿ ಒಂದು ಸೀಸೆ ಮಾರಿದ್ದ. ಅತ್ತೆ ಊರಿಂದ ಬಂದ ಮೇಲೆ, ಕೊಂಡ ಹೆಂಗಸು ಅದನ್ನು ಅಂಗಡಿಗೆ ವಾಪಸ್ ತಂದಳು. ಎರಡು ಹಕ್ಕಿಗಳೂ ಕಲಸಿ ಮುದ್ದೆಯಾಗಿದ್ದವು. ತಾನು ಮುಟ್ಟದ ಸೀಸೆ ಅದೊಂದೇ ಎಂದು ಅತ್ತೆಗೆ ನೋಡಿದ ಕೂಡಲೇ ತಿಳಿಯಿತು.

"ನನ್ನ ಕೈಯಿಂದ ಇಂಥದ್ದು ಹೊರಗೆ ಹೋಗಲ್ಲಮ್ಮ," ಎಂದು ಮಾಮ ಹೆಂಡತಿಯ ಕಡೆ ತಿರುಗಿದ. "ನೀನೇನಾದ್ರೂ ಕೈಯಾಡಿಸಿದ್ಯಾ?"

"ಹೂಂ ರೀ. ಊರಿಗೆ ಹೋಗೋ ಮುಂಚೆ, ಕಲಿಯೋಣ ಅಂತ ಒಂದು ನಾನೇ ಮಾಡಿ ನಿಮ್ಮವುಗಳ ಜೊತೆ ಇಟ್ಟಿದ್ದೆ. ತಪ್ಪಾಯ್ತು."

"ಇಷ್ಟು ವರ್ಷದ ಹೆಸರು ಮಣ್ಣುಪಾಲು ಮಾಡಿದ್ಯಲ್ಲೇ!"

ಬಂದವಳ ಎದುರಿಗೇ ಚೆನ್ನಾಗಿ ಬೈದ. ಅತ್ತೆಗೆ ಕಣ್ಣು ತುಂಬಿದರೂ ಸಮಾಧಾನವೇ ಆಯಿತು. ಅವನ ಮಾನ ಉಳಿಯಿತಲ್ಲ.

ಅಷ್ಟಕ್ಕೆ ಬಿಡುವ ಆಸಾಮಿಯೇ ಅವನು? "ಕೂತ್ಕೊಳ್ಳಿ, ಈಗಲೇ ಬೇರೆ ಮಾಡಿಕೊಡ್ತೀನಿ. ಏಯ್, ನೀನು ಹತ್ತಿರ ಬರಬೇಡ!" ಎಂದು ಬೆವರಿಳಿಸಿ ದುಡಿದ. ಹಕ್ಕಿಗಳು ಮುದ್ದಾಗಿಯೇ ಮೂಡಿದವು. ಮುಚ್ಚಳ ಬಿಗಿದು ಹೆಂಡತಿಯ ಕೈಗಿತ್ತ.

"ತಲೆಕೆಳಗು ಮಾಡಿ ಅಲ್ಲಾಡಿಸು. ಅವರೂ ನೋಡ್ಲಿ."

ಕೈಗೆ ಬಂದ ಕೂಡಲೇ ಒಳಗೆ ಸಡಿಲವಿದೆಯೆಂದು ಅವಳಿಗೆ ತಿಳಿಯಿತು. ಸೀಸೆಯನ್ನು ನೆಟ್ಟಗೆ ಹಿಡಿದು ನಿಂತಳು.

"ಅಲ್ಲಾಡಿಸೇ."

"ಬೇಡ ರೀ."

ಮಾಮ ಅವಳ ಮುಖವನ್ನೇ ನೋಡಿದ. ಆಮೇಲೆ ಎದ್ದು, ಗೋಡೆಗೆ ಜೋಡಿಸಿಟ್ಟ ಸೀಸೆಗಳಲ್ಲಿ ಒಂದನ್ನು ಎಡಗೈಯಲ್ಲಿ ತೆಗೆದು ಜೋರಾಗಿ ಅಲ್ಲಾಡಿಸಿದ. ದೋಣಿ ಇದ್ದಲ್ಲೇ ಇತ್ತು. ಇನ್ನೊಂದು ತೆಗೆದ. ಅದೂ ಜಗ್ಗಲಿಲ್ಲ.

"ಇವೆಲ್ಲಾ ನೀನು ಒತ್ತಿದ್ದಾ?"

ಇಲ್ಲ ಎನ್ನಲು ಅತ್ತೆ ಬಾಯಿ ತೆರೆದಳು. ಆದರೆ ಅವಳ ಕೈ ಆಗಲೇ ಸೀಸೆಯ ಮುಚ್ಚಳ ತೆಗೆದು ಕಂಬಿ ಎತ್ತಿಕೊಂಡಿತ್ತು.