ನನ್ನ ಕೆಂಪು ಪುಸ್ತಕದ ಭಯ

ಪಶುವೈದ್ಯೆಯಾಗಿ ಹುಕ್ಕೇರಿಗೆ ಬಂದ ಮೊದಲ ಬೆಳಿಗ್ಗೆ, ನಮ್ಮ ಚಿಕಿತ್ಸಾ ಕೇಂದ್ರದೊಳಗೆ ಇಬ್ಬರು ಕೂಗಾಡುವುದು ಕೇಳಿ ಬೆಚ್ಚಿಬಿದ್ದೆ. ಕೈ ಕೈ ಮಿಲಾಯಿಸುವ ಮೊದಲು ಬಿಡಿಸೋಣವೆಂದು ಓಡಿದರೆ, ಅದು ಚಹಾಕ್ಕೆ ಶುಂಠಿ ಹಾಕಬೇಕೋ ಬೇಡವೋ ಎಂಬ ಚರ್ಚೆ! ಮೈಸೂರಿನ ನಮ್ಮ ಬೀದಿಯಲ್ಲಿ ಜಗಳವೂ ಇಷ್ಟು ಜೋರಾಗಿರುವುದಿಲ್ಲ. ನನ್ನನ್ನು ಕಂಡದ್ದೇ ತಡ, ಸಹಾಯಕ ಕಲ್ಲಪ್ಪ, ಅಟೆಂಡರ್ ಭೀಮವ್ವ ಇಬ್ಬರೂ ಗಪ್‌ಚಿಪ್.

ಆ ಮೌನ ಎರಡು ತಿಂಗಳಾದರೂ ಮುರಿಯಲಿಲ್ಲ. ಉಳಿದದ್ದೆಲ್ಲ ಒಗ್ಗಿತು. ಮನೆ ಬಾಡಿಗೆಗೆ ಕೊಟ್ಟ ಅಜ್ಜಿ ರೊಟ್ಟಿ ಬಡಿಯಲು ಕಲಿಸಿದರು. ಗೋಕಾಕದ ಕರದಂಟಿನ ಮುಂದೆ ನಮ್ಮ ಮೈಸೂರು ಪಾಕ್ ಸಪ್ಪೆ ಎಂದು ಗುಟ್ಟಾಗಿ ಒಪ್ಪಿಕೊಂಡಿದ್ದೇನೆ, ಅಮ್ಮನಿಗೆ ಹೇಳಬೇಡಿ. ಬಾಜೂ ಎಂದರೆ ಪಕ್ಕ, ಪಗಾರ ಎಂದರೆ ಸಂಬಳ, ಒದರುವುದೆಂದರೆ ಕೂಗುವುದು, ಬಾಯಾರು ಎಂದರೆ ನಾನೇ, ಅಂದರೆ ಮೇಡಂ. ಕಿವಿಗೆ ಬಿದ್ದ ಹೊಸ ಮಾತನ್ನೆಲ್ಲ ಆಗಿಂದಾಗಲೇ ಒಂದು ಕೆಂಪು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆದರೆ ಜೊತೆಗೆ ಕೆಲಸ ಮಾಡುವವರೇ ನನ್ನೊಡನೆ ಮಾತಾಡುತ್ತಿರಲಿಲ್ಲ. ಅದಕ್ಕೆ ಬಹಳ ಬೇಜಾರಾಗುತ್ತಿತ್ತು.

ಘೋಡಗೇರಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುವ ದಿನ ಬಂತು. ಕುರಿಗಾರರು ಹಿಂಡು ಹೊಡೆದುಕೊಂಡು ಬಂದಿದ್ದರು. ನಾನು ಸಿರಿಂಜ್ ಹಿಡಿದರೆ, ಬಾಟಲಿ ಕೊಡಬೇಕಾದ ಕಲ್ಲಪ್ಪ ಅದನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಭೀಮವ್ವ ಅವನನ್ನು ತಿವಿದಳು.

"ಹೇಳೋ ಮಾರಾಯ! ಮುಚ್ಚಿಟ್ರ ಕುರಿ ಸಾಯ್ತಾವು!"

"ನಿನ್ನೆ ಫ್ರಿಜ್ ಬಂದ್ ಇತ್ರಿ ಬಾಯಾರ. ಫೋನ್ ಚಾರ್ಜಿಗೆ ಹಚ್ಚಾಕ ನಾನ ಪ್ಲಗ್ ತಗದಿದ್ದೆ. ದಿನಪೂರ್ತಿ ಹಂಗ ಇತ್ತು."

ತಣ್ಣಗಿಡದ ಲಸಿಕೆಯೂ ಬರೀ ನೀರೂ ಒಂದೇ. ಅದನ್ನೇ ಚುಚ್ಚಿದ್ದರೆ ಇವರೆಲ್ಲ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು, ರೋಗ ಬಂದಾಗ ಹಿಂಡಿಗೆ ಹಿಂಡೇ ಹೋಗುತ್ತಿತ್ತು. ಸಿರಿಂಜ್ ಕೆಳಗಿಟ್ಟೆ.

"ನಿನ್ನೆಯೇ ಯಾಕಪ್ಪಾ ಹೇಳಲಿಲ್ಲ?"

ಅವನ ಕಣ್ಣು ನನ್ನ ಪುಸ್ತಕದ ಮೇಲಿತ್ತು. ಉತ್ತರ ಕೊಟ್ಟವಳು ಭೀಮವ್ವ. "ಮೊದಲಿನ ಸಾಹೇಬ್ರು ಒದರತಿದ್ರು, ಅಲ್ಲಿಗೆ ಮುಗೀತಿತ್ತು. ನೀವು ಒದರೂದಿಲ್ಲ, ನಕ್ಕೋಂತ ಬರಕೋತೀರಿ. ನಮ್ಮ ತಪ್ಪೆಲ್ಲಾ ಮ್ಯಾಲಿನವ್ರಿಗೆ ಹೋಗತಾವಂತ ತಿಳ್ಕೊಂಡೇವ್ರಿ."

ಪುಸ್ತಕವನ್ನು ಕಲ್ಲಪ್ಪನ ಕೈಗೇ ಕೊಟ್ಟೆ. ಅವನು ಪುಟ ತಿರುವಿ "ಪಗಾರ, ಬಾಜೂ, ಒದರು..." ಎಂದು ಓದುತ್ತಾ ಹೋದ. ಓದುತ್ತಲೇ ನಗು ತಡೆಯದೆ ಕುಕ್ಕರಿಸಿಬಿಟ್ಟ.

ಅಷ್ಟರಲ್ಲಿ ಕುರಿಗಾರರ ಹಿರಿಯ ಮಾಳಪ್ಪ ಕಾಕಾ ಬಂದರು. ಫ್ರಿಜ್‌ಗೆ ಬೇರೆ ಪ್ಲಗ್ ಹಾಕಿಸದಿದ್ದವಳು ನಾನೇ ತಾನೇ? ಕಲ್ಲಪ್ಪನ ಹೆಸರೆತ್ತದೆ, "ಲಸಿಕೆ ಕೆಟ್ಟಿದೆ ಕಾಕಾ, ತಪ್ಪು ನನ್ನದು" ಎಂದೆ.

"ಇಷ್ಟು ದೂರ ನಡದ ಬಂದೇವಲ್ಲ! ಮೊದಲ ಹೇಳಾಕ ಏನಾಗಿತ್ರಿ?" ಕಾಕಾ ಗುಡುಗಿದರು.

ನಾನೂ ಅಷ್ಟೇ ಜೋರಾಗಿ ಒದರಿದೆ. "ನಾಳೆ ಹೊಸ ಲಸಿಕೆ ತಗೊಂಡು ನಿಮ್ಮ ದೊಡ್ಡಿಗೇ ಬರ್ತೀನ್ರಿ!"

"ಹಂಗ ಬಾಯಿಬಿಟ್ಟು ಹೇಳ್ರಿ ಮತ್ತ! ಬರ್ರಿ, ಚಾ ಕುಡಿಯೂಣು."

ಮರುದಿನ ಮೂಡಲಗಿಯಿಂದ ಲಸಿಕೆ ತಂದು ದೊಡ್ಡಿ ದೊಡ್ಡಿಗೂ ಹೋಗಿ ಹಾಕಿದೆವು. ಅಂದಿನಿಂದ ಕಲ್ಲಪ್ಪ ತನ್ನ ತಪ್ಪನ್ನು ಗೇಟಿನಿಂದಲೇ ಒದರುತ್ತಾ ಬರುತ್ತಾನೆ. ನಾನೂ ನನ್ನದನ್ನು ಒದರುತ್ತೇನೆ.

ಕಳೆದ ತಿಂಗಳು ರಜೆಯಲ್ಲಿ ಮೈಸೂರಿಗೆ ಹೋಗಿದ್ದಾಗ ಅವನದೇ ಫೋನು. "ಬಾಯಾರ, ಒಂದು ಬಾಟ್ಲಿ ಒಡೀತ್ರಿ!" ಅಂಗಳದಲ್ಲಿ ನಿಂತು ಗಂಟಲು ಹರಿಯುವಂತೆ ಬೈದೆ. ಆಮೇಲೆ ಇಬ್ಬರೂ ನಕ್ಕೆವು. ಅಮ್ಮ ಗಾಬರಿಯಿಂದ ಹೊರಗೆ ಬಂದಳು.

"ಯಾರ ಜೊತೆ ಜಗಳ ಆಡ್ತಿದ್ದೀಯೇ?"

"ಜಗಳ ಅಲ್ಲಮ್ಮ, ನಮ್ಮ ಮನೆ ಮಂದಿ ಹತ್ರ ಮಾತಾಡ್ತಿದ್ದೆ."

ಅಮ್ಮ ನನ್ನನ್ನೇ ನೋಡಿದಳು. "ಹಾಗಾದ್ರೆ ನಾವು ಯಾರೇ?"